ಆ್ಯಪ್‌ನಲ್ಲಿ 26, ಆದರೂ ಅವ್ವನಿಗೆ ಜಳ: ಕಲಬುರಗಿ ಮನೆಗೆ ಸ್ಮಾರ್ಟ್ ಥರ್ಮೋಸ್ಟಾಟ್ ಸಾಕಾ?

ಜೇವರ್ಗಿ ಕಾಲೋನಿ · ಏಪ್ರಿಲ್ 19

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಕೆಲಸಕ್ಕೆ ಪುಣೆಯಲ್ಲಿದ್ದೇನೆ. ಕಲಬುರಗಿ ಮನೆಯಲ್ಲಿ ಅವ್ವ ಒಬ್ಬಳೇ. ವಯಸ್ಸು 71. ಕೆಳಗೆ ಬಾಡಿಗೆಯವರಿದ್ದಾರೆ, ಅವ್ವ ಇರುವುದು ಮೇಲಿನ ಮನೆ. ಅದರ ಮೇಲೆ ಬರೀ ಸ್ಲ್ಯಾಬ್. ಹೋದ ವರ್ಷ ಮೇ ತಿಂಗಳಲ್ಲಿ ಒಂದು ರಾತ್ರಿ ಅವಳಿಗೆ ತಲೆಸುತ್ತು ಬಂದು ಬಿದ್ದಳು. ಆಮೇಲೆ ಅವಳ ಕೋಣೆಗೆ ಒಂದೂವರೆ ಟನ್ ಇನ್ವರ್ಟರ್ ಎಸಿ ಹಾಕಿಸಿದೆ. ರಿಮೋಟ್‌ನ ಸಣ್ಣ ಅಕ್ಷರ ಅವಳಿಗೆ ಕಾಣಿಸುವುದಿಲ್ಲ. ಅದಕ್ಕೆ ಈ ಸಲ ಯುಗಾದಿಗೆ ಬಂದಾಗ ಸ್ಮಾರ್ಟ್ ಥರ್ಮೋಸ್ಟಾಟ್ ಅಂತ ಮಾರುವ ಒಂದು ಪುಟ್ಟ ಡಬ್ಬಿ ತಂದು ಗೋಡೆಗೆ ಕೂಡಿಸಿದೆ. ಅದು ಕೋಣೆ ಎಷ್ಟು ಬಿಸಿ ಇದೆ ಅಂತ ನೋಡಿಕೊಂಡು, ರಿಮೋಟ್ ಹಾಗೆಯೇ ಎಸಿಗೆ ಸಿಗ್ನಲ್ ಕೊಡುತ್ತದೆ. ಪುಣೆಯಲ್ಲಿ ಕೂತು ಎಲ್ಲವನ್ನೂ ಫೋನಿನಲ್ಲೇ ನೋಡಬಹುದು. ನನಗೆ ಒಂದು ಚಿಂತೆ ಕಳೆಯಿತು ಅಂದುಕೊಂಡೆ.

ಹದಿನೈದು ದಿನದಿಂದ ದಿನಾ ರಾತ್ರಿ ಒಂದೇ ಕತೆ. ಫೋನ್ ಮಾಡುತ್ತೇನೆ. ಆ್ಯಪ್‌ನಲ್ಲಿ 26 ಡಿಗ್ರಿ ಇರುತ್ತದೆ. "ತಂಪಾಗೇತಿ ಅಲ್ಲಾ ಅವ್ವಾ" ಅಂದರೆ, "ಎಲ್ಲೀ ತಂಪಪ್ಪ, ಮ್ಯಾಲಿಂದ ಕಾವು ಇಳೀತದ" ಅನ್ನುತ್ತಾಳೆ. ನಾನು 24ಕ್ಕೆ ಇಳಿಸುತ್ತೇನೆ. ಒಂದು ಗಂಟೆ ಬಿಟ್ಟು ಕೇಳಿದರೆ ಕಾಲು ಸೆಳೆಯುತ್ತಿವೆ ಅಂತ ಶಾಲು ಹೊದ್ದಿರುತ್ತಾಳೆ. ಆದರೆ ನೆತ್ತಿ ಮಾತ್ರ ಇನ್ನೂ ಬಿಸಿ ಅನ್ನುತ್ತಾಳೆ.

ಮೊನ್ನೆ ರಜೆ ಹಾಕಿ ಬಂದೆ. ರಾತ್ರಿ ಅವಳ ಮಂಚದ ಮೇಲೆ ನಾನೇ ಮಲಗಿ ನೋಡಿದೆ. ಡಬ್ಬಿ 25.8 ತೋರಿಸುತ್ತಿತ್ತು. ತಲೆದಿಂಬಿನ ಪಕ್ಕ ಒಂದು ಮಾಮೂಲಿ ಥರ್ಮಾಮೀಟರ್ ಇಟ್ಟೆ, ಅದರಲ್ಲಿ 28.5. ಅವ್ವ ಹೇಳಿದ್ದು ನಿಜ. ಮುಖದ ಮೇಲೆ ಯಾರೋ ಹಂಚು ಹಿಡಿದಂತೆ ಅನಿಸುತ್ತಿತ್ತು.

ಡಬ್ಬಿ ಕೆಟ್ಟಿದೆಯಾ? ಎಸಿ ಸಾಲದಾ? ನನ್ನ ಸೆಟ್ಟಿಂಗ್ ತಪ್ಪಾ? ಗೊತ್ತಿದ್ದವರು ಹೇಳಿ.


ಎಸಿ ರಿಪೇರಿ, ಗಂಜ್ · ಏಪ್ರಿಲ್ 19

ಅಣ್ಣಾ, ಹದಿನಾರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಡಬ್ಬಿ ಕೆಟ್ಟಿಲ್ಲ. ಅದು ಕೂತ ಜಾಗದ ಗಾಳಿಯನ್ನು ಮಾತ್ರ ಅಳೆಯುತ್ತದೆ. ನೀವು ಅದನ್ನು ಎಲ್ಲಿ ಕೂಡಿಸಿದ್ದೀರಿ? ಎಸಿ ಗಾಳಿ ಬಂದು ಬೀಳುವ ಎದುರು ಗೋಡೆಗೆ ಅಲ್ವಾ? ಜಾಸ್ತಿ ಜನ ಅಲ್ಲೇ ಹಾಕುತ್ತಾರೆ, ಯಾಕೆಂದರೆ ಸಿಗ್ನಲ್ ನೇರ ಹೋಗುತ್ತದೆ. ತಣ್ಣನೆ ಗಾಳಿ ಮೊದಲು ಡಬ್ಬಿಗೆ ಬಡಿಯುತ್ತದೆ. "ಕೋಣೆ ತಣ್ಣಗಾಯಿತು" ಅಂತ ಅದು ನಂಬುತ್ತದೆ. ಅಮ್ಮನ ಮಂಚ ಇನ್ನೊಂದು ಮೂಲೆಯಲ್ಲಿ ಇರುತ್ತದೆ.

ಎಸಿಯ ಒಳಗೂ ಒಂದು ಸೆನ್ಸರ್ ಇದೆ. ಅದು ಫಿಲ್ಟರ್ ಹಿಂದೆ, ನೆಲದಿಂದ ಏಳೆಂಟು ಅಡಿ ಮೇಲೆ. ಅದು ಅಲ್ಲಿನ ಗಾಳಿ ನೋಡುತ್ತದೆ, ಡಬ್ಬಿ ಇಲ್ಲಿನ ಗಾಳಿ ನೋಡುತ್ತದೆ. ಎರಡಕ್ಕೂ ಮಂಚದ ಸುದ್ದಿ ಗೊತ್ತಿಲ್ಲ.

ಇನ್ನೊಂದು ಮಾತು. ಟನ್ ಅಂದರೆ ಒಂದು ಟನ್ ಐಸು 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಕಾವು. ಬಿಟಿಯು ಅನ್ನುವ ಕಾವಿನ ಅಳತೆಯಲ್ಲಿ ಗಂಟೆಗೆ 12,000, ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. ಆದರೆ ಈ ಲೆಕ್ಕ ಹಾಕುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇದ್ದಾಗ. ನಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ 43 ಇರುತ್ತದೆ. ಅದರ ಮೇಲೆ ಔಟ್‌ಡೋರ್ ಯೂನಿಟ್‌ನ್ನು ಮಾಳಿಗೆಯ ಸುಡುವ ಸ್ಲ್ಯಾಬ್ ಮೇಲೆ ಇಟ್ಟಿರುತ್ತಾರೆ. ಅಲ್ಲಿನ ಗಾಳಿ ಇನ್ನೂ ಬಿಸಿ. ಹಾಗಾಗಿ ನಿಮ್ಮ ಒಂದೂವರೆ ಟನ್ ಆ ಹೊತ್ತಿಗೆ ಒಂದೂವರೆ ಟನ್ ಕೊಡುವುದಿಲ್ಲ. ಫೋನಿನಲ್ಲಿ 18 ಒತ್ತಿದರೂ ಅಷ್ಟೇ.

ಔಟ್‌ಡೋರ್ ಯೂನಿಟ್‌ಗೆ ಸುಮ್ನೆ ಒಂದು ನೆರಳು ಮಾಡಿ. ಆದರೆ ಗಾಳಿ ಆಡಬೇಕು, ಮುಚ್ಚಿ ಕಟ್ಟಬೇಡಿ.


ಭೌತಶಾಸ್ತ್ರ ಮೇಡಂ, ಸೇಡಂ ರೋಡ್ · ಏಪ್ರಿಲ್ 20

ನಿಮ್ಮ ತಾಯಿ ಹೇಳಿದ "ಮ್ಯಾಲಿಂದ ಕಾವು ಇಳೀತದ" ಅನ್ನುವ ಮಾತೇ ಸರಿಯಾದ ಉತ್ತರ. ನೀವು ಅದನ್ನು ಬಿಟ್ಟು ಆ್ಯಪ್ ನೋಡುತ್ತಿದ್ದೀರಿ.

ನಮ್ಮ ಮೈಗೆ ತಾಗುವುದು ಗಾಳಿಯ ಬಿಸಿ ಒಂದೇ ಅಲ್ಲ. ಸುತ್ತಲಿನ ಗೋಡೆ, ಛಾವಣಿ ಎಲ್ಲವೂ ಮೈಗೆ ಕಾವು ಸೂಸುತ್ತವೆ. ಚಳಿಗಾಲದಲ್ಲಿ ಒಲೆ ಮುಂದೆ ಕೂತರೆ ಗಾಳಿ ತಣ್ಣಗಿದ್ದರೂ ಮುಖ ಬೆಚ್ಚಗಾಗುತ್ತದೆ ಅಲ್ವಾ, ಅದೇ ಇದು. ನಿಮ್ಮ ಕೋಣೆಯಲ್ಲಿ ಒಲೆ ಮೇಲೆ ಇದೆ, ಅಷ್ಟೇ ವ್ಯತ್ಯಾಸ.

ಡೆನ್ಮಾರ್ಕ್‌ನ ವಿಜ್ಞಾನಿ ಪೌಲ್ ಓಲೆ ಫಾಂಗರ್ 1970ರಲ್ಲಿ ಇದರ ಬಗ್ಗೆ ದೊಡ್ಡ ಕೆಲಸ ಮಾಡಿದರು. ಹಿತ ಅನಿಸಲು ಆರು ಸಂಗತಿ ಲೆಕ್ಕಕ್ಕೆ ಬರುತ್ತವೆ: ಗಾಳಿಯ ಉಷ್ಣತೆ, ಸುತ್ತಲಿನ ಮೇಲ್ಮೈಗಳ ಉಷ್ಣತೆ, ಗಾಳಿಯ ವೇಗ, ತೇವ, ಹಾಕಿಕೊಂಡ ಬಟ್ಟೆ, ಮೈಯ ದುಡಿಮೆ. ನಿಮ್ಮ ಡಬ್ಬಿಗೆ ಇದರಲ್ಲಿ ಒಂದು ಗೊತ್ತು. ಒಳ್ಳೆಯದಾದರೆ ಎರಡು, ತೇವವೂ ಸೇರಿ. ಉಳಿದ ನಾಲ್ಕು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಸರಳ ಲೆಕ್ಕ ಹೇಳುತ್ತೇನೆ. ಗಾಳಿ ಜೋರಾಗಿ ಆಡದ ಕೋಣೆಯಲ್ಲಿ, ಗಾಳಿಯ ಉಷ್ಣತೆ ಮತ್ತು ಮೇಲ್ಮೈಗಳ ಸರಾಸರಿ, ಇವೆರಡರ ಮಧ್ಯದ ಅಂಕಿ ಮೈಗೆ ಅನಿಸುತ್ತದೆ. ಗಾಳಿ 26, ಗೋಡೆ ಛಾವಣಿಗಳ ಸರಾಸರಿ 34 ಇದ್ದರೆ ಮೈಗೆ ಸುಮಾರು 30. ನೀವು ಪುಣೆಯಲ್ಲಿ 26 ನೋಡುತ್ತೀರಿ, ತಾಯಿ 30ರಲ್ಲಿ ಮಲಗಿರುತ್ತಾರೆ.

ದೂರದಿಂದ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಯಾರ ಹತ್ತಿರವಾದರೂ ಇದ್ದರೆ ತಂದು ರಾತ್ರಿ 9ಕ್ಕೆ ಛಾವಣಿಗೆ ಹಿಡಿಯಿರಿ. ಜ್ವರ ನೋಡುವ ಗನ್ ಬೇಡ, ಕಾರ್ಖಾನೆಯಲ್ಲಿ ಬಳಸುವುದು ಬೇಕು.


ಫರಸಿ ಮನೆ, ಶಹಾಬಾದ್ · ಏಪ್ರಿಲ್ 20

ಮೇಡಂ ಹೇಳಿದ್ದನ್ನು ನಮ್ಮ ಹಳೆ ಮನೆಯಲ್ಲಿ ನೋಡಿದ್ದೇನೆ. ಅಜ್ಜನ ಕಾಲದ ಜಂತಿ ಮನೆ. ಎರಡಡಿ ದಪ್ಪ ಕಲ್ಲಿನ ಗೋಡೆ, ಮೇಲೆ ಕಟ್ಟಿಗೆ ಜಂತಿ, ಅದರ ಮೇಲೆ ಮಣ್ಣು. ಕೆಳಗೆ ಶಹಾಬಾದ್ ಫರಸಿ. ಮಧ್ಯಾಹ್ನ ಎರಡಕ್ಕೆ ಹೊರಗಿಂದ ಬಂದು ಪಡಸಾಲೆಯ ಫರಸಿ ಮೇಲೆ ಬರಿಮೈಯಲ್ಲಿ ಮಲಗಿದರೆ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಎಸಿ ಇರಲಿಲ್ಲ, ಎಷ್ಟೋ ದಿನ ಕರೆಂಟೂ ಇರುತ್ತಿರಲಿಲ್ಲ.

2009ರಲ್ಲಿ ಅದನ್ನು ಕೆಡವಿ ಆರ್‌ಸಿಸಿ ಕಟ್ಟಿದೆವು. ಐದಿಂಚಿನ ಸ್ಲ್ಯಾಬ್, ಒಂಬತ್ತಿಂಚಿನ ಗೋಡೆ. ಸ್ಲ್ಯಾಬ್ ದಿನವೆಲ್ಲ ಬಿಸಿಲು ಕುಡಿದು ಸಂಜೆ ಏಳೆಂಟರ ಮೇಲೆ ಒಳಗೆ ಬಿಡಲು ಶುರು ಮಾಡುತ್ತದೆ. ಹೊರಗೆ ಗಾಳಿ ತಣ್ಣಗಾದರೂ ಒಳಗೆ ಕುದಿ. ಹಳೆ ಮನೆ ಕೆಡವಿದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಂಬಿಕೆ ಬರದಿದ್ದರೆ ಮೇ ತಿಂಗಳ ಮಧ್ಯಾಹ್ನ ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯೊಳಗೆ ನಿಂತು ನೋಡಿ. 1367ರಲ್ಲಿ ಕಟ್ಟಿದ್ದು. ಬೇರೆ ಮಸೀದಿಗಳ ಹಾಗೆ ನಡುವೆ ತೆರೆದ ಅಂಗಳ ಇಲ್ಲ, ಪೂರ್ತಿ ಗುಮ್ಮಟ ಮತ್ತು ಕಮಾನು. ಆ ದಪ್ಪ ಕಟ್ಟಡ ಬಿಸಿಲನ್ನು ಒಳಗೆ ಬಿಡುವುದೇ ಇಲ್ಲ.


ಆಳಂದದವನು, ಈಗ ಮಿಷಿಗನ್ · ಏಪ್ರಿಲ್ 20

ಇಲ್ಲಿನ ಅನುಭವ ಹೇಳುತ್ತೇನೆ, ಯಾಕೆಂದರೆ ಕೋಣೆಯ ವಿದ್ಯುತ್ ಥರ್ಮೋಸ್ಟಾಟ್ ಹುಟ್ಟಿದ್ದು ಅಮೆರಿಕದಲ್ಲೇ. ವಾರೆನ್ ಜಾನ್ಸನ್ ಅಂತ ವಿಸ್ಕಾನ್ಸಿನ್‌ನ ಒಬ್ಬ ಮೇಷ್ಟ್ರು 1883ರಲ್ಲಿ ವಿದ್ಯುತ್ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದರು. ತರಗತಿ ತಣ್ಣಗಾದರೆ ಕೆಳಗೆ ಬಾಯ್ಲರ್ ನೋಡಿಕೊಳ್ಳುವವನಿಗೆ ಗಂಟೆ ಬಾರಿಸುವ ಏರ್ಪಾಡಿನಿಂದ ಅದು ಶುರುವಾಯಿತು. ಅಂದರೆ ಒಂದು ಕೋಣೆಯಲ್ಲಿ ಅಳೆದು, ಇನ್ನೊಂದು ಕಡೆ ಇರುವ ಬಾಯ್ಲರ್‌ಗೆ ಸುದ್ದಿ ಮುಟ್ಟಿಸುವುದು. ತಾನೇ ಕಲಿಯುತ್ತದೆ ಅನ್ನುವ ನೆಸ್ಟ್ ಥರ್ಮೋಸ್ಟಾಟ್ 2011ರಲ್ಲಿ ಬಂತು, 2014ರಲ್ಲಿ ಗೂಗಲ್ ಆ ಕಂಪನಿಯನ್ನು 320 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ಇಲ್ಲಿ ಮನೆಗೆಲ್ಲ ಒಂದೇ ಯಂತ್ರ, ಕೊಳವೆಗಳಲ್ಲಿ ಗಾಳಿ ಹೋಗುತ್ತದೆ. ಥರ್ಮೋಸ್ಟಾಟ್ ಒಂದೇ, ಅದೂ ಕೆಳಗಿನ ಪಡಸಾಲೆಯಲ್ಲಿ. ಬೇಸಿಗೆಯಲ್ಲಿ ಕೆಳಗೆ 23 ಇದ್ದರೆ ಮಕ್ಕಳು ಮಲಗುವ ಮಹಡಿ 27. ಬೇರೆ ಕೋಣೆಗೆ ಸೆನ್ಸರ್ ತಂದು ಇಟ್ಟೆ. ಆಗ ಮಹಡಿ ಸರಿಹೋಯಿತು, ಕೆಳಗೆ ನಮಗೆ ಚಳಿ. ಕೊನೆಗೆ ಅಟ್ಟಕ್ಕೆ ಇನ್ಸುಲೇಶನ್ ತುಂಬಿಸಿದೆವು. ಎರಡು ಮಹಡಿಗಳ ಅಂತರ ಕಡಿಮೆಯಾಗಿದ್ದು ಆಮೇಲೆಯೇ. ಇಲ್ಲಿನ ಯಂತ್ರಕ್ಕೆ ಬೇಕಾದ 24 ವೋಲ್ಟ್ ತಂತಿ, ಕೊಳವೆ ಯಾವುದೂ ನಮ್ಮೂರ ಮನೆಗಳಲ್ಲಿ ಇಲ್ಲ. ಹಾಗಾಗಿ ಅಲ್ಲಿ ಸಿಗುವ ಡಬ್ಬಿ ಹೆಸರಿಗೆ ಥರ್ಮೋಸ್ಟಾಟ್, ಕೆಲಸದಲ್ಲಿ ಬುದ್ಧಿವಂತ ರಿಮೋಟ್.


ಮಿನಿ ವಿಧಾನಸೌಧ ನೌಕರ · ಏಪ್ರಿಲ್ 21

ನನ್ನದು ಬೇರೆ ಗೋಳು. ನಮ್ಮ ಮನೆಯದು "ಕಲಿಯುವ" ಡಬ್ಬಿ. ಜನವರಿಯಿಂದ ಮಾರ್ಚ್‌ವರೆಗೆ ನಾನು ಸಂಜೆ ಆರಕ್ಕೆ ಮನೆ ಸೇರುತ್ತಿದ್ದೆ. ಅದು ಅದನ್ನೇ ಕಲಿತು ಐದೂವರೆಗೆ ಎಸಿ ಹಚ್ಚುತ್ತಿತ್ತು. ಏಪ್ರಿಲ್ ಬಂತು. ನಿಮಗೆಲ್ಲ ಗೊತ್ತು, ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದಲ್ಲಿ, ಹಾಗೇ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1:30. ಉರಿಬಿಸಿಲಲ್ಲಿ ಎರಡಕ್ಕೆ ಮನೆಗೆ ಬಂದರೆ ಕೋಣೆ ಕಾದ ಕಾವಲಿ. ಡಬ್ಬಿ ಐದೂವರೆಗೆ ಕಾಯುತ್ತಾ ಕೂತಿರುತ್ತದೆ. ಅದು ಹೊಸ ವೇಳೆ ಕಲಿಯುವಷ್ಟರಲ್ಲಿ ಜೂನ್ ಬಂದು ಕಚೇರಿ ಮತ್ತೆ ಹಳೆ ವೇಳೆಗೆ ಹೋಗುತ್ತದೆ. ಈಗ ಕಲಿಕೆ ಆಫ್ ಮಾಡಿ ನಾನೇ ಟೈಮ್ ಹಾಕಿದ್ದೇನೆ.


ಯಾದಗಿರಿ ಸ್ಟೇಷನ್ ಏರಿಯಾ · ಏಪ್ರಿಲ್ 21

ಅಣ್ಣಾ, ಒಂದು ಎಚ್ಚರಿಕೆ ಹೇಳಲೇಬೇಕು. ಅದರಲ್ಲಿ "ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆಫ್" ಅನ್ನುವ ಸೆಟ್ಟಿಂಗ್ ಇದ್ದರೆ ಇವತ್ತೇ ತೆಗೆದುಬಿಡಿ.

ನಮ್ಮಪ್ಪನಿಗೆ ಮೊಣಕಾಲು ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದರು. ಡಬ್ಬಿಯಲ್ಲಿ ಚಲನೆ ನೋಡುವ ಕಣ್ಣು ಇತ್ತು. ಅಪ್ಪ ಅಲುಗಾಡದೆ ಮಲಗಿದ್ದಾರೆ. ಅದು ಯಾರೂ ಇಲ್ಲ ಅಂದುಕೊಂಡು ಮಧ್ಯಾಹ್ನ ಎಸಿ ಆಫ್ ಮಾಡಿದೆ. ಕಿಟಕಿ ಎಲ್ಲ ಮುಚ್ಚಿದ ಕೋಣೆ. ನಾನು ಅಂಗಡಿಯಿಂದ ಊಟಕ್ಕೆ ಬಂದಾಗ ಹಾಸಿಗೆ ಹಸಿ ಆಗಿತ್ತು, ಅಷ್ಟು ಬೆವರಿದ್ದರು. ಅವರಿಗೆ ಎದ್ದು ಬಾಗಿಲು ತೆಗೆಯಲು ಆಗುತ್ತಿರಲಿಲ್ಲ, ಫೋನ್ ಕೈಗೆ ಸಿಗದಷ್ಟು ದೂರ. ಇನ್ನೊಂದು ಗಂಟೆ ತಡವಾಗಿದ್ದರೆ ಅಂತ ನೆನೆದರೆ ಈಗಲೂ ಕೈ ನಡುಗುತ್ತದೆ.


ಸೂಪರ್ ಮಾರ್ಕೆಟ್ ಅಂಗಡಿ · ಏಪ್ರಿಲ್ 21

ಎಲ್ಲರೂ ಬೈಯುತ್ತಿದ್ದೀರಿ, ನನಗೆ ಅದರಿಂದ ಉಪಯೋಗವೇ ಆಗಿದೆ. ಹುಡುಗರು ಎಸಿ ಹಚ್ಚಿ ಹೊರಗೆ ಹೋಗಿಬಿಡುತ್ತಿದ್ದರು, ಈಗ ಅಂಗಡಿಯಿಂದಲೇ ಆಫ್ ಮಾಡುತ್ತೇನೆ. 20ಕ್ಕೆ ಇಟ್ಟು ಮಲಗುವ ಚಟ ಹೋಗಿ 26ರಲ್ಲಿ ನಿಂತಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ಇರುವ ಎಸಿಗಳೆಲ್ಲ ಹಚ್ಚಿದ ಕೂಡಲೇ 24ರಲ್ಲಿ ಶುರುವಾಗುವ ಹಾಗೆ ಮಾಡಿದ್ದೂ ಅದಕ್ಕೇ. ನಮ್ಮ ಮನೆ ಮೂರಂತಸ್ತಿನ ಕಟ್ಟಡದ ನಡುವಿನದು ಅನ್ನುವುದೂ ನಿಜ, ಮೇಲೆ ಸ್ಲ್ಯಾಬ್ ಬಿಸಿಲಿಗಿಲ್ಲ.


ಜೇವರ್ಗಿ ಕಾಲೋನಿ · ಏಪ್ರಿಲ್ 22

ಎಲ್ಲರಿಗೂ ಕೈಮುಗಿಯುತ್ತೇನೆ. ಯಾದಗಿರಿ ಅಣ್ಣಾ, ನಿಮ್ಮ ಮಾತು ಓದಿದ ತಕ್ಷಣ ಆ ಸೆಟ್ಟಿಂಗ್ ನೋಡಿದೆ. ಆನ್ ಇತ್ತು. ತೆಗೆದೆ.

ಮೇಡಂ, ಸಿಮೆಂಟ್ ಫ್ಯಾಕ್ಟರಿಯಲ್ಲಿರುವ ಗೆಳೆಯನಿಂದ ಗನ್ ತಂದೆ. ನಿನ್ನೆ ರಾತ್ರಿ 9ಕ್ಕೆ, ಎಸಿ ಎರಡು ಗಂಟೆ ಓಡಿದ ಮೇಲೆ ಅಳೆದೆ. ಛಾವಣಿ 41. ಪಶ್ಚಿಮದ ಗೋಡೆ 36. ಒಳಗೋಡೆಗಳು 31, 32. ನೆಲ 29. ಮಂಚದ ತಲೆಭಾಗ ಪಶ್ಚಿಮ ಗೋಡೆಗೇ ಹತ್ತಿಕೊಂಡಿದೆ. ಅವ್ವನಿಗೆ ನೆತ್ತಿ ಬಿಸಿ, ಕಾಲು ತಣ್ಣಗೆ ಯಾಕೆ ಅಂತ ಆಗ ಗೊತ್ತಾಯಿತು. ಹದಿನೈದು ದಿನ ಅವಳ ಮಾತಿಗಿಂತ ಫೋನನ್ನೇ ನಂಬಿದೆ ಅಂತ ತುಂಬಾ ಬೇಜಾರಾಯಿತು.

ಇನ್ನೊಂದು ಪ್ರಶ್ನೆ. ಕರೆಂಟ್ ಹೋಗಿ ಬಂದ ಮೇಲೆ ಆ್ಯಪ್‌ನಲ್ಲಿ ಎಸಿ ಆನ್ ಅಂತ ಇರುತ್ತದೆ, ನಿಜವಾಗಿ ಆಫ್ ಇರುತ್ತದೆ. ಇದಕ್ಕೇನು ಮಾಡುವುದು?


ಎಸಿ ರಿಪೇರಿ, ಗಂಜ್ · ಏಪ್ರಿಲ್ 22

ಅದು ಒಮ್ಮುಖ ಮಾತು ಅಣ್ಣಾ. ಡಬ್ಬಿ ಎಸಿಗೆ ಹೇಳುತ್ತದೆ, ಎಸಿ ವಾಪಸ್ ಏನೂ ಹೇಳುವುದಿಲ್ಲ. ತಾನು ಕೊನೆಗೆ ಕಳಿಸಿದ ಆಜ್ಞೆಯನ್ನೇ ಆ್ಯಪ್ ತೋರಿಸುತ್ತಿರುತ್ತದೆ. ಕರೆಂಟ್ ಬಂದಾಗ ಸ್ಟೆಬಿಲೈಜರ್ ಮೂರು ನಿಮಿಷ ತಡೆಯುತ್ತದೆ, ವೈಫೈ ಎದ್ದೇಳಲು ಒಂದೆರಡು ನಿಮಿಷ. ಅಷ್ಟರಲ್ಲಿ ಡಬ್ಬಿ ಸಿಗ್ನಲ್ ಕಳಿಸಿ ಸುಮ್ಮನಾಗಿರುತ್ತದೆ. ಎಸಿಯಲ್ಲೇ ಆಟೋ ರೀಸ್ಟಾರ್ಟ್ ಇದೆಯಾ ನೋಡಿ, ಇದ್ದರೆ ಅದನ್ನು ಆನ್ ಮಾಡಿಸಿ. ವೈಫೈ ರೂಟರ್ ಮತ್ತು ಡಬ್ಬಿ ಎರಡನ್ನೂ ಇನ್ವರ್ಟರ್ ಬ್ಯಾಟರಿ ಲೈನಿಗೆ ಹಾಕಿಸಿ. ಆದರೂ ಪಕ್ಕದ ಮನೆಯ ಒಬ್ಬರ ನಂಬರ್ ಇಟ್ಟುಕೊಳ್ಳಿ. ಎಸಿ ಓಡುತ್ತಿದೆಯಾ ಅಂತ ಕಣ್ಣಾರೆ ನೋಡಿ ಹೇಳುವವರು ಬೇಕು.


ಬೀದರ್ ಕೋಟೆ ಹತ್ತಿರ · ಏಪ್ರಿಲ್ 23

ಏಪ್ರಿಲ್‌ನಲ್ಲಿ ಕೂಲರ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಒಣ ಬಿಸಿಲಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. 42 ಡಿಗ್ರಿ, ತೇವ ಶೇಕಡಾ 20 ಇದ್ದರೆ ಒಳ್ಳೆಯ ಪ್ಯಾಡ್ ಇರುವ ಕೂಲರ್ 28ರ ಹತ್ತಿರದ ಗಾಳಿ ಕೊಡುತ್ತದೆ. ಕಿಟಕಿ ತೆರೆದಿಡಬೇಕು, ಇಲ್ಲದಿದ್ದರೆ ಕೋಣೆ ಹಬೆಯಾಗುತ್ತದೆ. ಇನ್ವರ್ಟರ್ ಬ್ಯಾಟರಿಯ ಮೇಲೂ ಓಡುತ್ತದೆ, ಎಸಿ ಓಡುವುದಿಲ್ಲ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಕೂಲರ್ ಬಂದ್. ಆಗ ಎಸಿ ಬೇಕು, ಅದೂ ಡ್ರೈ ಮೋಡ್‌ನಲ್ಲಿ. ಆಗಿನ ಕಷ್ಟವೇ ಬೇರೆ. ಕೋಣೆ ಬೇಗ 26ಕ್ಕೆ ಬರುತ್ತದೆ, ಥರ್ಮೋಸ್ಟಾಟ್ ಕಂಪ್ರೆಸರ್ ನಿಲ್ಲಿಸುತ್ತದೆ, ತೇವ ಹಾಗೇ ಉಳಿಯುತ್ತದೆ. ಮೈ ಅಂಟಂಟು.


ಭೌತಶಾಸ್ತ್ರ ಮೇಡಂ, ಸೇಡಂ ರೋಡ್ · ಏಪ್ರಿಲ್ 23

41! ಹಾಗಾದರೆ ಮೊದಲು ಛಾವಣಿ ನೋಡಿ. ಮಾಳಿಗೆಗೆ ಸುಣ್ಣ ಬಳಿಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆ ಅಂತಲೇ ಒಂದು ನೀತಿ ತಂದಿದೆ. ಗಡಿ ದಾಟಿದರೆ ಅದೇ ಬಿಸಿಲು ತಾನೇ, ನಮ್ಮಲ್ಲೂ ಬೇಕು ಅಂತ ನಾನು ಎಷ್ಟೋ ಕಡೆ ಹೇಳುತ್ತಿದ್ದೇನೆ.

ಮಂಚವನ್ನು ಪಶ್ಚಿಮ ಗೋಡೆಯಿಂದ ಎಳೆದು ಒಳಗೋಡೆಗೆ ಹಾಕಿ, ಇದಕ್ಕೆ ದುಡ್ಡು ಬೇಡ. ಎಸಿ ಜೊತೆ ಫ್ಯಾನ್ ಸಣ್ಣಗೆ ತಿರುಗಲಿ. ಮೈಗೆ ಗಾಳಿ ಆಡಿದರೆ ಎರಡು ಮೂರು ಡಿಗ್ರಿ ಕಡಿಮೆ ಇದ್ದಂತೆ ಅನಿಸುತ್ತದೆ. ಆದರೆ ಎಸಿ ಇಲ್ಲದೆ, ಕೋಣೆಯೇ 40ರ ಹತ್ತಿರ ಹೋದರೆ ಬರೀ ಫ್ಯಾನ್ ನಂಬಬೇಡಿ, ಆಗ ಅದು ಬಿಸಿ ಗಾಳಿಯನ್ನೇ ಮೈಗೆ ತೂರುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೂ ಬೇಗ ಗೊತ್ತಾಗುವುದಿಲ್ಲ. ಒದ್ದೆ ಬಟ್ಟೆ, ನೀರು, ಮಜ್ಜಿಗೆ ಮಂಚದ ಹತ್ತಿರವೇ ಇರಲಿ.


ಜೇವರ್ಗಿ ಕಾಲೋನಿ · ಮೇ 12

ಕೊನೆಗೆ ಏನಾಯಿತು ಅಂತ ಹೇಳದೆ ಇರುವುದು ಸರಿಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಏಪ್ರಿಲ್ ಕೊನೆಯ ಭಾನುವಾರ ಮಾಳಿಗೆ ಗುಡಿಸಿ, ತೊಳೆದು, ಎರಡು ಕೋಟ್ ಸುಣ್ಣ ಬಳಿಸಿದೆ. ಸುಣ್ಣಕ್ಕೆ ಬಿಳಿ ಸಿಮೆಂಟ್ ಮತ್ತು ಸ್ವಲ್ಪ ಗೋಂದು ಬೆರೆಸಿದರು. ಇಬ್ಬರ ಕೂಲಿ ಸೇರಿ 3,400 ರೂಪಾಯಿ ಆಯಿತು. ಡಬ್ಬಿಗಿಂತ ಕಡಿಮೆ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಹಸಿರು ನೆರಳು ಬಲೆ ಕಟ್ಟಿಸಿದೆ. ಔಟ್‌ಡೋರ್ ಯೂನಿಟ್ ಮೇಲೆ ಎರಡಡಿ ಎತ್ತರದಲ್ಲಿ ಒಂದು ತಗಡು. ಮಂಚ ಒಳಗೋಡೆಗೆ ಬಂತು. ಡಬ್ಬಿಯನ್ನು ಕಿತ್ತು ಮಂಚದ ಪಕ್ಕ, ದಿಂಬಿನ ಎತ್ತರಕ್ಕೆ ಹಾಕಿದೆ. ಸಿಗ್ನಲ್ ಸ್ವಲ್ಪ ಓರೆಯಾಗಿ ಹೋಗುತ್ತದೆ, ಆದರೂ ಮುಟ್ಟುತ್ತದೆ.

ನಿನ್ನೆ ಹೊರಗೆ 42 ಇತ್ತು. ರಾತ್ರಿ 9ಕ್ಕೆ ಛಾವಣಿ 35. ಆರು ಡಿಗ್ರಿ ಇಳಿದಿದೆ. ಪಶ್ಚಿಮ ಗೋಡೆ ಇನ್ನೂ 35, ಅದಕ್ಕೆ ಏನು ಮಾಡಬೇಕೋ ಮುಂದಿನ ವರ್ಷ ನೋಡಬೇಕು. ಎಸಿ 27ರಲ್ಲಿದೆ, ಫ್ಯಾನ್ ಎರಡರಲ್ಲಿ. ಅವ್ವ ಶಾಲು ಕೇಳಲಿಲ್ಲ.

ಆ್ಯಪ್ ಇನ್ನೂ ಇದೆ. ಮಧ್ಯರಾತ್ರಿ ಕರೆಂಟ್ ಹೋಗಿ ಬಂತಾ ಅಂತ ನೋಡಲು ಬೇಕಾಗುತ್ತದೆ. ಆದರೆ ಈಗ ಮೊದಲು ಅವ್ವನಿಗೆ ಫೋನ್ ಮಾಡುತ್ತೇನೆ, ಆಮೇಲೆ ಅದನ್ನು ತೆಗೆಯುತ್ತೇನೆ. ಕೆಳಗಿನ ಬಾಡಿಗೆ ಮನೆಯ ಅಕ್ಕಾರು ರಾತ್ರಿ ಹತ್ತಕ್ಕೆ ಒಂದು ಸಲ ಮೇಲೆ ಬಂದು ಮಾತಾಡಿಸಿ ಹೋಗುತ್ತೇನೆ ಅಂದಿದ್ದಾರೆ.


ಫರಸಿ ಮನೆ, ಶಹಾಬಾದ್ · ಮೇ 12

ಓದಿ ಸಮಾಧಾನ ಆಯಿತು ತಮ್ಮಾ. ಸುಣ್ಣ ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಮುಂದಿನ ಫೆಬ್ರುವರಿಯಲ್ಲಿ ಮತ್ತೆ ಬಳಿಸಬೇಕು. ಪಶ್ಚಿಮ ಗೋಡೆಗೆ ಹೊರಗಡೆ ಜಾಗ ಇದೆಯಾ? ಎರಡಡಿ ಇದ್ದರೂ ಬಳ್ಳಿ ಹಬ್ಬಿಸಬಹುದು. ನಮ್ಮಲ್ಲಿ ತೊಂಡೆ ಬಳ್ಳಿ ಹಾಕಿದ್ದೇವೆ, ಒಂದೇ ಮಳೆಗಾಲದಲ್ಲಿ ಗೋಡೆ ಮುಚ್ಚಿತು.


ಜೇವರ್ಗಿ ಕಾಲೋನಿ · ಮೇ 13

ಮೂರಡಿ ಇದೆ ಅಣ್ಣಾ. ಅವ್ವನಿಗೆ ಹೇಳಿದೆ. ತೊಂಡೆ ಬೇಡ, ಮಲ್ಲಿಗೆ ಹಾಕು ಅನ್ನುತ್ತಿದ್ದಾಳೆ. ಮಲ್ಲಿಗೆ ಬಳ್ಳಿ ಅಷ್ಟು ಎತ್ತರ ಹಬ್ಬುತ್ತದಾ?


ಫರಸಿ ಮನೆ, ಶಹಾಬಾದ್ · ಮೇ 13

ಹಬ್ಬುತ್ತದೆ, ತಡ ಆಗುತ್ತದೆ. ತಂತಿ ಕಟ್ಟಿ ಆಸರೆ ಕೊಡಿ. ಈಗ ಬಿಸಿಲಿಗೆ ಹಾಕಬೇಡಿ, ಜೂನ್‌ನಲ್ಲಿ ಎರಡು ಮಳೆ ಆಗಲಿ. ನಮ್ಮ ಮನೆಯ ಮಲ್ಲಿಗೆಯಿಂದ ಕಡ್ಡಿ ಮುರಿದು ಇಟ್ಟಿರುತ್ತೇನೆ, ಬಂದು ಒಯ್ಯಿರಿ.